ಚೈತ್ರ ವೈಶಾಖಗಳಲ್ಲಿ ಹಳ್ಳದ ಸಣ್ಣ ಮೀನುಗಳನ್ನು ಗುರುತಿಸುವ ಕ್ರಮ

ಪೀಠಿಕೆ

ಚೈತ್ರ ವೈಶಾಖ ಮಾಸಗಳಲ್ಲಿ ಹಳ್ಳಗಳ ಹರಿವು ಕುಗ್ಗಿ, ನೀರು ಅಲ್ಲೊಂದು ಇಲ್ಲೊಂದು ಮಡುವಿನಲ್ಲಿ ಮಾತ್ರ ಉಳಿಯುವುದು ಎಲ್ಲರೂ ಬಲ್ಲ ಸಂಗತಿಯೇ ಆಗಿದೆ. ಅಂತಹ ಮಡುವಿನ ದಡದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದರೆ, ಎರಡು ಮೂರು ಅಂಗುಲ ಉದ್ದದ ಮೀನುಗಳು ನೂರಾರು ಒಟ್ಟುಗೂಡಿ, ಒಂದೇ ಸಲಕ್ಕೆ ತಿರುಗಿ, ಒಂದೇ ಸಲಕ್ಕೆ ಹೊಳೆದು ಮರೆಯಾಗುವುದು ಕಂಡುಬರುವುದು. ಇವುಗಳನ್ನು ಕೆಲವರು ಸಸಲೆಂದೂ, ಕೆಲವರು ಪುಡಿಮೀನೆಂದೂ, ಮತ್ತೆ ಕೆಲವರು ಮರಿಗಳೆಂದೂ ಕರೆಯುವರು. ಹೆಸರು ಯಾವುದಾದರೂ ಆಗಲಿ, ಅವೆಲ್ಲವೂ ಒಂದೇ ಜಾತಿಯೆಂಬ ಭಾವನೆಯಿಂದ ಒಂದೇ ಬಗೆಯಾಗಿ ಉಪಯೋಗಿಸುವುದು ವಾಡಿಕೆಯಾಗಿದೆ. ದೊಡ್ಡ ಮೀನು ಹಿಡಿಯುವವರು ಗಾಳದ ಎರೆಗೆಂದು ಇವನ್ನು ಕೂಡುವರು. ಮನೆಯವರು ಸಾರಿಗೆಂದು ಹಿಡಿಯುವರು. ಕೆಲವರು ಕೊಡದಲ್ಲಿ ತುಂಬಿಕೊಂಡು ಹೋಗಿ ತಮ್ಮ ಕೆರೆಗೋ ಕೃಷಿಹೊಂಡಕ್ಕೋ ಸುರಿಯುವರು.

ಇದರಿಂದ ಉಂಟಾಗುವ ನಷ್ಟವು ಮೂರು ವಿಧವಾದುದು. ಬೆಳೆದರೆ ಹಲವು ಕಿಲೋಗ್ರಾಂ ತೂಗಬಹುದಾದ ಮೀನು ಎರಡು ಅಂಗುಲದ ಮರಿಯಾಗಿಯೇ ಸಾಯುವುದು ಒಂದು. ಮಳೆಗಾಲಕ್ಕೆ ಬಿತ್ತನೆಯಾಗಿ ಉಳಿಯಬೇಕಾದ ತಾಯಿಮೀನು ಬೇಸಗೆಯಲ್ಲಿಯೇ ತೀರಿಹೋಗುವುದು ಎರಡು. ಕೆರೆಗೆ ಬರಬಾರದ ಪರದೇಶದ ಜಾತಿಯು ನಮ್ಮ ಕೈಯಿಂದಲೇ ಬಂದು ಸೇರುವುದು ಮೂರು. ಸಣ್ಣದೆಲ್ಲವೂ ಮರಿಯಲ್ಲ, ಮರಿಯೆಲ್ಲವೂ ಸಣ್ಣದಾಗಿಯೇ ಉಳಿಯತಕ್ಕದ್ದಲ್ಲ. ಈ ಭೇದವನ್ನು ಅರಿತು ಬಲೆಗೆ ಕೈ ಹಾಕಬೇಕೆಂಬುದೇ ಈ ಕರಪತ್ರದ ಉದ್ದೇಶ.

ಈ ಕಾಲದ ವಿಶೇಷ

ನಮ್ಮ ಹಳ್ಳಗಳ ಮೀನುಗಳಲ್ಲಿ ಬಹುಪಾಲು ಮುಂಗಾರಿನ ಹೊಸ ನೀರಿಗೆ ಮೊಟ್ಟೆಯಿಡತಕ್ಕವು. ಮೊದಲ ದೊಡ್ಡ ಮಳೆಗೆ ಹಳ್ಳವು ಕೆಂಪಾಗಿ ಹರಿದೊಡನೆ, ಅವು ನೀರಿಗೆ ಎದುರಾಗಿ ಏರಿ, ಗದ್ದೆಯ ಬದುಗಳವರೆಗೂ ಹೋಗುವುವು. ಮಲೆನಾಡಿನವರು ಇದನ್ನೇ ಹತ್ತುಮೀನೆಂದು ಕರೆಯುತ್ತಾರೆ. ಹೀಗೆ ಆಷಾಢದಲ್ಲಿ ಹತ್ತುವ ಮೀನು ಎಲ್ಲಿಂದಲೋ ಹೊಸದಾಗಿ ಬಂದುದಲ್ಲ. ಚೈತ್ರ ವೈಶಾಖಗಳ ಮಡುವಿನಲ್ಲಿ ಬದುಕಿ ಉಳಿದುದೇ ಆಗಿದೆ. ರೈತನು ಬಿತ್ತನೆಯ ರಾಗಿಯನ್ನು ಬೇಸಗೆಯಲ್ಲಿ ಬೀಸಿ ತಿನ್ನುವುದಿಲ್ಲ. ಮಡುವಿನ ಮೀನೂ ಹಳ್ಳದ ಬಿತ್ತನೆಯೆಂದೇ ತಿಳಿಯಬೇಕು.

ಬಿಸಿಲೇರಿದಂತೆ ಮಡುವಿನ ನೀರು ಬಿಸಿಯಾಗಿ, ಅದರಲ್ಲಿ ಕರಗಿರುವ ಪ್ರಾಣವಾಯು ಕಡಿಮೆಯಾಗುವುದು. ಬೆಳಗಿನ ಜಾವದಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದನ್ನು ಆಟವೆಂದು ಭಾವಿಸಕೂಡದು. ಉಸಿರಿಗೆ ಕಷ್ಟಪಡುವ ಲಕ್ಷಣವದು. ಆ ಸ್ಥಿತಿಯಲ್ಲಿರುವ ಮಡುವನ್ನು ಕಲಕುವುದಾಗಲಿ ಬಲೆ ಎಳೆಯುವುದಾಗಲಿ ಯುಕ್ತವಲ್ಲ.

ನೋಡತಕ್ಕ ಕ್ರಮ

ಹೊತ್ತು ಸ್ವಲ್ಪ ಏರಿದ ಮೇಲೆ, ತನ್ನ ನೆರಳು ನೀರಿನ ಮೇಲೆ ಬೀಳದಂತೆ ಕುಳಿತು, ಕಾಲು ಗಂಟೆಯ ಕಾಲ ಸುಮ್ಮನೆ ನೋಡತಕ್ಕದ್ದು. ಗುಂಪು ನೀರಿನ ಮೇಲ್ಪದರದಲ್ಲಿ ಓಡಾಡುವುದೋ, ನಡುನೀರಿನಲ್ಲಿಯೋ, ಅಥವಾ ತಳದ ಮರಳು ಕಲ್ಲುಗಳನ್ನು ಮೂಸುತ್ತಿರುವುದೋ ಎಂಬುದನ್ನು ಮೊದಲು ಗಮನಿಸಬೇಕು. ಇಷ್ಟರಿಂದಲೇ ಅರ್ಧ ಗುರುತು ಸಿಕ್ಕುವುದು.

ಆಮೇಲೆ ತೆಳು ಬಟ್ಟೆಯಿಂದ ಐದಾರು ಮೀನುಗಳನ್ನು ಮಾತ್ರ ಎತ್ತಿ, ಅದೇ ಹಳ್ಳದ ನೀರು ತುಂಬಿದ ಗಾಜಿನ ಜಾಡಿಗೆ ಬಿಡಬೇಕು. ಒಣಗಿದ ಕೈಯಿಂದ ಮುಟ್ಟಿದರೆ ಮೈಮೇಲಿನ ಲೋಳೆ ಕಿತ್ತು ಮೀನಿಗೆ ರೋಗ ತಗಲುವುದಾದುದರಿಂದ ಕೈಯನ್ನು ಒದ್ದೆ ಮಾಡಿಕೊಳ್ಳತಕ್ಕದ್ದು. ಜಾಡಿಯನ್ನು ನೆರಳಿನಲ್ಲಿಟ್ಟು ಪಕ್ಕದಿಂದ ನೋಡಿ, ಕೆಲವೇ ನಿಮಿಷಗಳೊಳಗೆ ಅದೇ ಮಡುವಿಗೆ ಹಿಂದಿರುಗಿಸಬೇಕು.

ಜಾಡಿಯಲ್ಲಿ ಪರೀಕ್ಷಿಸತಕ್ಕ ಗುರುತುಗಳು ಐದು:

1. ಬಾಲದ ರೆಕ್ಕೆಯು ಕವಲೊಡೆದಿದೆಯೋ, ದುಂಡಗಿದೆಯೋ.
2. ಬಾಯಿಯ ಬಳಿ ಮೀಸೆಗಳಿವೆಯೋ ಇಲ್ಲವೋ. ಇದ್ದರೆ ಎಷ್ಟು ಜೊತೆ.
3. ಬಾಯಿ ಮೇಲ್ಮುಖವೋ, ನೇರವೋ, ಕೆಳಮುಖವೋ.
4. ಬೆನ್ನಿನ ರೆಕ್ಕೆಯು ಗಿಡ್ಡವೋ ಉದ್ದವೋ, ಅದರಲ್ಲಿ ಮುಳ್ಳುಗಳಿವೆಯೋ.
5. ಮೈಮೇಲೆ ಪಟ್ಟೆಯಾಗಲಿ ಚುಕ್ಕೆಯಾಗಲಿ ಇದೆಯೋ. ಇದ್ದರೆ ಯಾವ ಸ್ಥಳದಲ್ಲಿ.

ಬಣ್ಣವೊಂದನ್ನೇ ನಂಬಕೂಡದು. ನೀರಿನ ಬಣ್ಣಕ್ಕೂ, ಭಯಕ್ಕೂ, ಮೊಟ್ಟೆಯಿಡುವ ಕಾಲಕ್ಕೂ ಅನುಸಾರವಾಗಿ ಮೀನಿನ ಬಣ್ಣವು ಬದಲಾಗುತ್ತಿರುವುದು. ಊರೂರಿಗೆ ಹೆಸರುಗಳೂ ಬೇರೆಯಾಗುವುದರಿಂದ, ಹೆಸರಿಗಿಂತ ಗುರುತಿಗೇ ಹೆಚ್ಚು ಬೆಲೆ ಕೊಡತಕ್ಕದ್ದು.

ಮೊದಲನೆಯ ವರ್ಗ: ಬೆಳೆದರೂ ಸಣ್ಣದಾಗಿಯೇ ಇರುವ ಮೀನುಗಳು

ಇವು ಎರಡರಿಂದ ಐದಾರು ಅಂಗುಲದೊಳಗೆ ಪೂರ್ಣ ವಯಸ್ಸಿಗೆ ಬರತಕ್ಕವು. ಎರಡು ಮೂರು ಅಂಗುಲದ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಕಂಡುಬಂದರೆ ಅದು ಮರಿಯಲ್ಲ, ತಾಯಿಯೆಂದು ನಿಶ್ಚಯಿಸಬಹುದು.

ಪಟ್ಟೆಯ ಸಸಲು: ಮೈ ನೀಳ, ಬಾಲ ಕವಲು, ಮೀಸೆಯಿಲ್ಲ. ಮುಖದಿಂದ ಬಾಲದ ಬುಡದವರೆಗೆ ಪಕ್ಕದುದ್ದಕ್ಕೂ ಒಂದೇ ಕಪ್ಪು ಪಟ್ಟೆ ನೇರವಾಗಿ ಎಳೆದಂತಿರುವುದು. ಶಾಸ್ತ್ರಜ್ಞರು ಇದನ್ನು ರಾಸ್ಬೋರ ಎನ್ನುವರು. ಮಂದವಾಗಿ ಹರಿಯುವ ಹಳ್ಳ, ಕಾಲುವೆ, ಕೆರೆಯ ಅಂಚುಗಳಲ್ಲಿ ಮೇಲ್ಪದರದಲ್ಲಿಯೂ ನಡುನೀರಿನಲ್ಲಿಯೂ ಗುಂಪಾಗಿರುವುದು.

ಅಲಗುಹೊಟ್ಟೆಯ ಬೆಳ್ಳಿಮೀನು: ಮೈ ಪಕ್ಕಗಳಿಂದ ಒತ್ತಿದಂತೆ ಚಪ್ಪಟೆ, ಹೊಟ್ಟೆಯ ಅಂಚು ಕತ್ತಿಯ ಅಲಗಿನಂತೆ ಚೂಪು, ಬಾಯಿ ಮೇಲ್ಮುಖ. ಹುರುಪೆಗಳು ಬಹು ಸಣ್ಣವು. ಬೆರಳಿಗೆ ಸುಲಭವಾಗಿ ಅಂಟಿ ಬರುವುವು. ಯಾವ ಚುಕ್ಕೆಯೂ ಎದ್ದು ಕಾಣದೆ ಮೈಯೆಲ್ಲಾ ಬೆಳ್ಳಿಯಂತಿರುವುದು. ನೀರಿನ ಮೇಲೆ ಬಿದ್ದ ಹುಳುವಿಗೆ ಮೊದಲು ಎಗರುವುದು ಇದೇ. ನೀರಿನಿಂದ ತೆಗೆದರೆ ಬೇಗ ಸಾಯುವುದರಿಂದ ಜಾಡಿಯಲ್ಲಿ ಹೆಚ್ಚು ಹೊತ್ತು ಇಡಬಾರದು. ಇದರ ಶಾಸ್ತ್ರೀಯ ನಾಮ ಸಾಲ್ಮೋಸ್ಟೋಮ.

ಸಣ್ಣ ಗೆಂಡೆಗಳು: ಮೈ ಅಗಲ, ಹುರುಪೆ ದೊಡ್ಡದು, ಬಾಲ ಕವಲು. ಇವುಗಳಲ್ಲಿ ಹಲವು ಜಾತಿಗಳಿರುವುದರಿಂದ ಚುಕ್ಕೆಯ ಸ್ಥಾನವನ್ನು ನೋಡಬೇಕು. ಬಾಲದ ಬುಡದಲ್ಲಿ ಒಂದು ದುಂಡು ಕಪ್ಪು ಚುಕ್ಕೆ, ಬೆನ್ನಿನ ರೆಕ್ಕೆಯ ಬುಡದಲ್ಲಿ ಮತ್ತೊಂದು ಇದ್ದು, ಮೀಸೆಯಿಲ್ಲದಿದ್ದರೆ ಅದು ಸೊಫೋರೆ ಎಂಬ ಗೆಂಡೆ. ಮೊಟ್ಟೆಯ ಕಾಲದಲ್ಲಿ ಇದರ ಗಂಡಿನ ಪಕ್ಕದಲ್ಲಿ ಕೆಂಪು ಪಟ್ಟೆ ಮೂಡುವುದು. ಕಿವಿರಿನ ಹಿಂದೆ ಸಣ್ಣ ಚುಕ್ಕೆ ಒಂದು, ಬಾಲದ ಹತ್ತಿರ ದೊಡ್ಡ ಚುಕ್ಕೆ ಒಂದು ಇದ್ದರೆ ಅದು ಟಿಕ್ಟೋ ಎಂಬುದು. ಪಶ್ಚಿಮಕ್ಕೆ ಹರಿಯುವ ಹೊಳೆಗಳ ಕಡೆ ದೊರೆಯುವ ಎಳೆಬೆನ್ನಿನ ಗೆಂಡೆಗೆ ಬಾಲಕ್ಕೆ ಮೊದಲು ಒಂದು ದೊಡ್ಡ ಉದ್ದುದ್ದ ಮಚ್ಚೆಯುಂಟು. ಬೆಳೆದ ಗಂಡಿನ ಬೆನ್ನಿನ ರೆಕ್ಕೆಯಿಂದ ದಾರದಂತಹ ಎಳೆಗಳು ಹೊರಡುವುವು. ಅದರ ಮರಿಗಳಿಗೆ ಮಾತ್ರ ಅಡ್ಡಪಟ್ಟಿಗಳಿರುವುದರಿಂದ ಅವನ್ನು ಬೇರೆ ಜಾತಿಯೆಂದು ಭ್ರಮಿಸುವುದುಂಟು.

ನೀಲಿಗೆರೆಯ ಮೀನು: ಮಲೆನಾಡಿನ ತಣ್ಣನೆಯ ಹರಿವಿನಲ್ಲಿ, ಕಲ್ಲುಗಳ ನಡುವೆ ಚುರುಕಾಗಿ ಈಜುವುದು. ಪಕ್ಕದಲ್ಲಿ ನೀಲಿ ಗೆರೆಗಳೂ ಅವುಗಳ ನಡುವೆ ಹಳದಿ ಗೆರೆಗಳೂ ಉದ್ದಕ್ಕೆ ಹರಿದಿರುವುವು. ಇದು ಡೆವೇರಿಯೋ ಜಾತಿಗೆ ಸೇರಿದುದು.

ಗಾಜುಮೀನು: ಮೈಯೊಳಗಿನ ಮುಳ್ಳುಗಳು ಹೊರಗಿನಿಂದಲೇ ಕಾಣುವಷ್ಟು ಪಾರದರ್ಶಕ. ಬೆನ್ನಿನ ರೆಕ್ಕೆಯ ಮುಂಭಾಗದಲ್ಲಿ ಮುಳ್ಳುಗಳುಂಟು. ಇದನ್ನು ಬೇರೆ ಯಾವುದರೊಡನೆಯೂ ಬೆರೆಸುವ ಸಂಭವವಿಲ್ಲ.

ಹಣೆಬೊಟ್ಟಿನ ಮೀನು: ನೀರಿನ ಮೇಲ್ಪದರವನ್ನು ಬಿಟ್ಟು ಇಳಿಯುವುದು ಅಪರೂಪ. ಮೇಲಿನಿಂದ ನೋಡಿದಾಗ ತಲೆಯ ಮೇಲೆ ಬೆಳ್ಳಿಯ ಬೊಟ್ಟಿಟ್ಟಂತೆ ಒಂದು ಚುಕ್ಕೆ ಹೊಳೆಯುವುದು. ಬಾಲ ಕವಲಲ್ಲ. ಅಪ್ಲೊಕೈಲಸ್ ಎಂಬ ಈ ನಾಡಮೀನು ಸೊಳ್ಳೆಯ ಮರಿಗಳನ್ನು ತಿಂದು ಬದುಕುವುದರಿಂದ ಗ್ರಾಮಕ್ಕೆ ಬಹಳ ಉಪಕಾರಿ. ಹಳ್ಳದ ಪಾತ್ರದಲ್ಲಿ ನಿಂತ ನೀರು ಮಲೇರಿಯಾ ಹರಡುವ ಸೊಳ್ಳೆಗಳಿಗೆ ತವರೆಂಬುದನ್ನು ಇಲ್ಲಿ ನೆನಪಿಡಬೇಕು. ಮಡುವಿನ ಸಣ್ಣ ಮೀನನ್ನು ಸೋಸಿ ತೆಗೆದ ಊರು ಸೊಳ್ಳೆಯನ್ನು ಸಾಕಿದಂತೆಯೇ ಸರಿ.

ಎರಡನೆಯ ವರ್ಗ: ದೊಡ್ಡ ಮೀನುಗಳ ಮರಿಗಳು

ಕೊರವನ ಮರಿಗಳು: ಬಾಲ ದುಂಡು, ತಲೆ ಹಾವಿನ ತಲೆಯಂತೆ ಚಪ್ಪಟೆ, ಬೆನ್ನಿನ ರೆಕ್ಕೆ ಬಹು ಉದ್ದ. ಚಿಕ್ಕಂದಿನಲ್ಲಿ ಕೆಂಪು ಅಥವಾ ಕಿತ್ತಳೆ ಬಣ್ಣದ ಮರಿಗಳು ಉಂಡೆಯಾಗಿ ಕೂಡಿ, ಗಾಳಿಗಾಗಿ ಪದೇಪದೇ ಮೇಲಕ್ಕೆ ಬರುತ್ತಿದ್ದರೆ ಅವು ಕೊರವನವೇ. ಕೆಳಗೆ ತಾಯಿಮೀನು ಕಾವಲಿರುವುದು. ಈ ಉಂಡೆಯ ಬಳಿಗೆ ಗಾಳ ಹಾಕಿ ಕಾವಲಿನ ಮೀನನ್ನು ಹಿಡಿಯುವುದು ಸುಲಭವಾದರೂ, ಹಿಡಿದೊಡನೆ ಮರಿಗಳ ಗುಂಪು ಇತರ ಮೀನುಗಳ ಪಾಲಾಗುವುದು. ಒಂದು ಹೊತ್ತಿನ ಸಾರಿಗಾಗಿ ನೂರಾರು ಮರಿಗಳನ್ನು ಕಳೆದುಕೊಳ್ಳುವುದು ವಿವೇಕವಲ್ಲ.

ಕಾಟ್ಲ, ರೋಹು, ಮೃಗಾಲ್: ಇವು ಉತ್ತರದೇಶದ ನದಿಗಳಿಂದ ತಂದು ನಮ್ಮ ಕೆರೆಗಳಲ್ಲಿ ಬಿಡುವ ಗೆಂಡೆಗಳು. ಕೋಡಿ ಹರಿದಾಗ ಹಳ್ಳಕ್ಕೂ ಇಳಿಯುವುವು. ಎಳೆಯ ಮರಿಗಳಲ್ಲಿ ತಲೆ ಮೈಗಿಂತ ಹೆಚ್ಚು ದೊಡ್ಡದಾಗಿ ಕಂಡು, ಬಾಲದ ಬುಡದಲ್ಲಿ ಮಚ್ಚೆಯಿಲ್ಲದಿದ್ದರೆ ಕಾಟ್ಲ; ಬಾಲದ ಬುಡದಲ್ಲಿ ಕಪ್ಪು ಅಡ್ಡಪಟ್ಟಿಯಿದ್ದರೆ ರೋಹು; ಮೈ ನೀಳವಾಗಿ ಅದೇ ಸ್ಥಳದಲ್ಲಿ ಮೂರು ಮೂಲೆಯ ಮಚ್ಚೆಯಿದ್ದರೆ ಮೃಗಾಲ್. ಬೆಳೆದಂತೆ ಈ ಗುರುತುಗಳು ಮಾಸುವುವು.

ಸಾಮಾನ್ಯ ಗೆಂಡೆ: ಎರಡು ಜೊತೆ ಮೀಸೆ, ಬುಡ ಉದ್ದವಾದ ಬೆನ್ನಿನ ರೆಕ್ಕೆ. ಹೊರದೇಶದ ಈ ಮೀನು 1939ರಲ್ಲಿ ಸಿಂಹಳದಿಂದ ನೀಲಗಿರಿಗೆ ಬಂದಿತು. ಮಳೆಗಾಲವನ್ನು ಕಾಯದೆ ಮಾಘ ಫಾಲ್ಗುಣಗಳಲ್ಲಿಯೂ ಮೊಟ್ಟೆಯಿಡುವುದರಿಂದ, ಚೈತ್ರದಲ್ಲಿ ತೀರ ಎಳೆಯ ಮರಿಗಳು ಸಿಕ್ಕಿದರೆ ಇದನ್ನು ಮೊದಲು ಶಂಕಿಸಬೇಕು.

ಮಹಶೀರ್: ಕಾವೇರಿಯ ಕಡೆ ಬಿಳಿಮೀನೆಂದು ಕರೆಯುವುದುಂಟು. ಎರಡು ಜೊತೆ ಮೀಸೆ, ದಪ್ಪ ತುಟಿ, ದೊಡ್ಡ ಹುರುಪೆ, ನೀಳ ತಲೆ. ಆದರೆ ಬೆನ್ನಿನ ರೆಕ್ಕೆ ಗಿಡ್ಡ. ಈ ಕೊನೆಯ ಗುರುತಿನಿಂದ ಸಾಮಾನ್ಯ ಗೆಂಡೆಯಿಂದ ಬೇರ್ಪಡಿಸಬಹುದು. ಕಾವೇರಿಯ ಡುಬ್ಬದ ಮಹಶೀರ್ ಅಳಿವಿನ ಅಂಚಿಗೆ ಬಂದಿದೆಯೆಂದು 2018ರಲ್ಲಿ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿಸಲ್ಪಟ್ಟಿತು. ಕೆಲವು ದೊಡ್ಡ ಜಾತಿಯ ನಾಡಗೆಂಡೆಗಳಿಗೂ ಎರಡು ಜೊತೆ ಮೀಸೆಯಿರುವುದರಿಂದ ಸಂಶಯ ಬರಬಹುದು. ಕಾವೇರಿ ಮತ್ತು ಅದರ ಉಪನದಿಗಳಿಗೆ ಸೇರುವ ಹಳ್ಳಗಳಲ್ಲಿ, ಎರಡು ಜೊತೆ ಮೀಸೆಯೂ ಗಿಡ್ಡ ಬೆನ್ನುರೆಕ್ಕೆಯೂ ಇರುವ ಮರಿಯನ್ನು ಸಂಶಯಕ್ಕೇ ಪ್ರಾಶಸ್ತ್ಯ ಕೊಟ್ಟು ನೀರಿಗೆ ಬಿಡತಕ್ಕದ್ದು.

ಗಿರ್ಲು: ಹುರುಪೆಯಿಲ್ಲದ ಮೈ, ನಾಲ್ಕು ಜೊತೆ ಮೀಸೆ, ಬೆನ್ನಿನ ಮೇಲೆ ಮುಳ್ಳಿನ ರೆಕ್ಕೆಯ ಹಿಂದೆ ಮಾಂಸದ ಸಣ್ಣ ರೆಕ್ಕೆ. ಮುಳ್ಳು ಚುಚ್ಚುವುದಾದುದರಿಂದ ಮಕ್ಕಳ ಕೈಗೆ ಕೊಡಬಾರದು.

ಮೂರನೆಯ ವರ್ಗ: ಪರದೇಶದಿಂದ ಬಂದವು

ಗ್ಯಾಂಬೂಸಿಯ: ಸೊಳ್ಳೆಯ ನಿವಾರಣೆಗೆಂದು 1928ರಲ್ಲಿ ಇಟಲಿಯಿಂದ ಭಾರತಕ್ಕೆ ತರಲ್ಪಟ್ಟಿತು. ಬೂದುಬಣ್ಣ, ದುಂಡುಬಾಲ, ಮೇಲ್ಮುಖದ ಬಾಯಿ. ಹೆಣ್ಣು ಎರಡು ಅಂಗುಲವನ್ನು ಮೀರುವುದು ಅಪರೂಪ, ಗಂಡು ಇನ್ನೂ ಚಿಕ್ಕದು. ಹೊಟ್ಟೆ ಉಬ್ಬಿದ ಹೆಣ್ಣಿನ ಹಿಂಭಾಗದಲ್ಲಿ ಕಪ್ಪು ಮಚ್ಚೆ ಕಾಣುವುದು. ಮೊಟ್ಟೆಯಿಡದೆ ಮರಿಗಳನ್ನೇ ಹಾಕುವುದರಿಂದ ಬೇಸಗೆಯಲ್ಲಿ ಬೇಗ ಹೆಚ್ಚುವುದು. ಹಣೆಬೊಟ್ಟಿನ ಮೀನಿಗೂ ಇದಕ್ಕೂ ಮುಖ್ಯ ಭೇದವೇನೆಂದರೆ, ಇದರ ತಲೆಯ ಮೇಲೆ ಹೊಳೆಯುವ ಚುಕ್ಕೆಯಿಲ್ಲ. ಒಂದು ಕಾಲದಲ್ಲಿ ಇದನ್ನು ಬಾವಿ ಕೆರೆಗಳಿಗೆ ಬಿಡುವುದು ಒಳ್ಳೆಯದೆಂದು ತಿಳಿದಿದ್ದರು. ಇದು ನಾಡಮೀನುಗಳ ಮೊಟ್ಟೆಮರಿಗಳನ್ನು ತಿಂದು, ರೆಕ್ಕೆಗಳನ್ನು ಕಡಿದು, ಅವುಗಳನ್ನು ಓಡಿಸುವುದೆಂಬುದು ಅನೇಕ ದೇಶಗಳ ಅನುಭವದಿಂದ ಸಿದ್ಧವಾಗಿರುವುದರಿಂದ, ಹರಿಯುವ ಹಳ್ಳಕ್ಕೆ ಇದನ್ನು ಬಿಡಕೂಡದು.

ತಿಲಾಪಿಯ: 1952ರಲ್ಲಿ ಭಾರತಕ್ಕೆ ಬಂದುದು. ಬೆನ್ನಿನ ಉದ್ದಕ್ಕೂ ಮುಳ್ಳುರೆಕ್ಕೆ. ಎಳೆಯ ಮರಿಗೆ ಆ ರೆಕ್ಕೆಯ ಹಿಂಭಾಗದಲ್ಲಿ ಒಂದು ಕಪ್ಪು ಚುಕ್ಕೆ. ಅಂಚಿನ ನೀರಿನಲ್ಲಿ ಮರಿಗಳು ಗುಂಪಾಗಿದ್ದು, ಬೆದರಿದಾಗ ತಾಯಿಯ ಬಾಯೊಳಗೆ ಸೇರುವುವು. ವರ್ಷದಲ್ಲಿ ಹಲವು ಸಲ ಮರಿಮಾಡಿ, ಕೆರೆಯನ್ನೆಲ್ಲಾ ಅಂಗೈಯಷ್ಟರ ಮೀನಿನಿಂದ ತುಂಬಿಬಿಡುವುದು.

ಗುರುತಿಸಿದ ಮೇಲೆ ಮಾಡತಕ್ಕದ್ದು

ಮೊದಲನೆಯ ವರ್ಗದ ಮೀನನ್ನು ಮನೆಯ ಆಹಾರಕ್ಕಾಗಿಯೂ ಗಾಳದ ಎರೆಗಾಗಿಯೂ ಮಿತವಾಗಿ ಹಿಡಿಯುವುದರಲ್ಲಿ ದೋಷವಿಲ್ಲ. ಮುಳ್ಳುಸಹಿತವಾಗಿ ತಿನ್ನುವ ಈ ಮೀನುಗಳಿಂದ ಮೂಳೆಗೆ ಬೇಕಾದ ಸುಣ್ಣದ ಅಂಶವು ಬಸುರಿ ಬಾಣಂತಿಯರಿಗೂ ಮಕ್ಕಳಿಗೂ ಸುಲಭವಾಗಿ ದೊರೆಯುವುದು. ಆದರೆ ಮಡುವನ್ನು ಬರಿದು ಮಾಡಿ ಹಿಡಿಯಬಾರದು. ಮರಿಗಳನ್ನು ಸಾಕುವ ಹೊಂಡದಲ್ಲಿ ಮಾತ್ರ ಇದೇ ಮೀನುಗಳು ಮೇವಿಗೆ ಪೈಪೋಟಿ ಮಾಡುವುದರಿಂದ, ಅಲ್ಲಿಂದ ಅವನ್ನು ತೆಗೆದುಹಾಕುವುದು ಯುಕ್ತ. ಹಳ್ಳದಲ್ಲಿ ಮಿತ್ರನಾದುದು ಸಾಕಣೆಯ ಹೊಂಡದಲ್ಲಿ ಶತ್ರುವಾಗುವುದು.

ಎರಡನೆಯ ವರ್ಗದ ಮರಿಗಳನ್ನು ಇದ್ದಲ್ಲಿಯೇ ಬಿಡತಕ್ಕದ್ದು. ಹಳ್ಳದಿಂದ ಮರಿ ಹಿಡಿದು ಕೆರೆಗೆ ಬಿಡುವ ಅಗತ್ಯವು ಈಗ ಉಳಿದಿಲ್ಲ. ಒಡಿಶಾ ಪ್ರಾಂತದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಅವರು 1957ರಲ್ಲಿ ಗೆಂಡೆಗಳಿಗೆ ಗ್ರಂಥಿರಸದ ಚುಚ್ಚುಮದ್ದು ಕೊಟ್ಟು ಮೊಟ್ಟೆಯಿಡಿಸುವ ವಿಧಾನವನ್ನು ಸಾಧಿಸಿದ ತರುವಾಯ, ಶುದ್ಧ ಜಾತಿಯ ಮರಿಗಳನ್ನು ಸಾಕಣೆಯ ಕೇಂದ್ರಗಳಿಂದಲೇ ಪಡೆಯಬಹುದಾಗಿದೆ. ಕೊಂಡು ತಂದ ಮರಿಗಳನ್ನೂ ಜಾಡಿಯಲ್ಲಿಟ್ಟು ಮೇಲ್ಕಂಡ ಐದು ಗುರುತುಗಳಿಂದ ಪರೀಕ್ಷಿಸಿ, ಬೆರಕೆಯಿಲ್ಲವೆಂದು ಕಂಡ ಮೇಲೆಯೇ ಕೆರೆಗೆ ಬಿಡುವುದು ಲೇಸು.

ಮೂರನೆಯ ವರ್ಗದ ಮೀನನ್ನು ಹಿಡಿದರೆ ಮತ್ತೆ ಯಾವ ನೀರಿಗೂ ಬಿಡಬಾರದು. ಗಾಳಕ್ಕೆ ಉಪಯೋಗಿಸಿ ಉಳಿದ ಎರೆಮೀನನ್ನು, ಅದು ಯಾವ ವರ್ಗದ್ದೇ ಆಗಿರಲಿ, ಬೇರೊಂದು ಹಳ್ಳಕ್ಕೆ ಸುರಿಯುವ ಅಭ್ಯಾಸವನ್ನು ಸಂಪೂರ್ಣವಾಗಿ ನಿಲ್ಲಿಸಬೇಕು. ಮೈಮೇಲೆ ಹುಣ್ಣಾಗಿ ಮೀನು ಸಾಯುವ ಅಂಟುರೋಗವು 1988ರಲ್ಲಿ ಭಾರತಕ್ಕೆ ಕಾಲಿಟ್ಟು ಊರಿಂದೂರಿಗೆ ಹಬ್ಬಿತು. ಇಂತಹ ರೋಗಗಳು ಹರಡಲು ಕೊಡದ ನೀರೂ ಒದ್ದೆ ಬಲೆಯೂ ಸಾಕು.

ಹಿಡುವಳಿದಾರರೂ ಗ್ರಾಮದ ಮುಖಂಡರೂ ಗಮನಿಸತಕ್ಕ ಅಂಶಗಳು

ಹಳ್ಳದ ಮೀನಿಗೆ ಬಲೆಗಿಂತಲೂ ಹೆಚ್ಚಿನ ಅಪಾಯವು ಪಂಪಿನಿಂದ ಬರುವುದು. ದಡದ ಜಮೀನಿನವರು ಕೊನೆಯ ಮಡುವಿಗೂ ಪಂಪು ಇಳಿಸಿ ತಳ ಕಾಣುವವರೆಗೆ ಎತ್ತಿದರೆ, ಆ ಹಳ್ಳದಲ್ಲಿ ಮುಂದಿನ ಮಳೆಗೆ ಹತ್ತುವುದಕ್ಕೆ ಮೀನು ಉಳಿಯುವುದಿಲ್ಲ. ಆದುದರಿಂದ ಗ್ರಾಮದವರೆಲ್ಲರೂ ಕೂಡಿ, ಊರಿನ ಎಲ್ಲೆಯೊಳಗೆ ಆಳವಾದ ಒಂದೆರಡು ಮಡುಗಳನ್ನು ಆರಿಸಿ, ಅವುಗಳಿಂದ ಯುಗಾದಿಯಿಂದ ಮೊದಲ ಮಳೆಯವರೆಗೆ ನೀರೆತ್ತದಂತೆಯೂ ಬಲೆ ಹಾಕದಂತೆಯೂ ಕಟ್ಟು ಮಾಡಿಕೊಳ್ಳುವುದು ಉತ್ತಮ. ಆ ಮಡುಗಳ ದಡದ ಹೊಂಗೆ, ನೇರಳೆ, ಹೊಳೆಮತ್ತಿಗಳನ್ನು ಕಡಿಯಬಾರದು. ಅವುಗಳ ನೆರಳೇ ನೀರನ್ನು ತಣ್ಣಗಿಡುವುದು. ಬೆಳೆಗೆ ಔಷಧ ಸಿಂಪಡಿಸಿದ ಡಬ್ಬಗಳನ್ನು ಮಡುವಿನಲ್ಲಿ ತೊಳೆಯುವುದನ್ನು ತಡೆಯಬೇಕು.

ಕಾರೆಕಾಯಿ, ಮೈಲುತುತ್ತು, ಬ್ಲೀಚಿಂಗ್ ಪುಡಿ ಮೊದಲಾದುವನ್ನು ಕದಡಿ ಮೀನು ಹಿಡಿಯುವುದೂ, ಸಿಡಿಮದ್ದು ಹಾಕುವುದೂ ಮಹಾಪರಾಧಗಳು. ನೀರಿಗೆ ವಿಷವಾಗಲಿ ಸಿಡಿಮದ್ದಾಗಲಿ ಹಾಕಿ ಮೀನು ಹಿಡಿಯುವುದನ್ನು 1897ರ ಭಾರತ ಮೀನುಗಾರಿಕೆಯ ಕಾಯಿದೆಯೇ ನಿಷೇಧಿಸಿತು; ಇಂದಿಗೂ ಅದು ದಂಡನಾರ್ಹವೇ ಆಗಿದೆ. ವಿಷಕ್ಕೆ ಮರಿ ತಾಯಿ ಎಂಬ ಭೇದವಿಲ್ಲ. ಆ ನೀರನ್ನೇ ಕುಡಿಯುವ ದನಕರುಗಳಿಗೂ ಕೇಡು. ದಕ್ಷಿಣ ಕನ್ನಡದ ಶಿಶಿಲದಲ್ಲಿ ಭಕ್ತರು ಅಕ್ಕಿ ಹಾಕಿ ಕಾಪಾಡಿಕೊಂಡು ಬಂದಿದ್ದ ದೇವರ ಮೀನುಗಳು 1996ರಲ್ಲಿ ವಿಷಪ್ರಯೋಗಕ್ಕೆ ಸಿಕ್ಕಿ ರಾಶಿರಾಶಿಯಾಗಿ ಸತ್ತುವು. ದೇವಾಲಯದ ಮುಂದಿನ ಮಡುವಿಗೇ ಈ ಗತಿಯಾದ ಮೇಲೆ, ಊರ ಹೊರಗಿನ ಹಳ್ಳದ ಮೇಲೆ ಕಣ್ಣಿಡುವುದು ಎಷ್ಟು ಅಗತ್ಯವೆಂಬುದನ್ನು ಹೇಳಬೇಕಾಗಿಲ್ಲ. ಶೃಂಗೇರಿಯ ತುಂಗೆಯಲ್ಲಿಯೂ ರಾಮನಾಥಪುರದ ಕಾವೇರಿಯಲ್ಲಿಯೂ ಜನರ ಶ್ರದ್ಧೆಯಿಂದಲೇ ಮೀನು ಉಳಿದುಬಂದಿರುವುದನ್ನು ಎಲ್ಲರೂ ನೋಡಬಹುದು.

ಶಾಲೆಯ ಮಕ್ಕಳಿಗೆ ವರ್ಷಕ್ಕೊಮ್ಮೆ ಚೈತ್ರದಲ್ಲಿ ಹಿರಿಯರೊಡನೆ ಹಳ್ಳದ ಬಳಿಗೆ ಹೋಗಿ, ಜಾಡಿಯಲ್ಲಿ ಮೀನು ನೋಡಿ ಬಿಡುವ ಅಭ್ಯಾಸ ಮಾಡಿಸಿದರೆ ಒಳಿತು. ಯಾವ ಮಡುವಿನಲ್ಲಿ ಯಾವ ಮೀನು ಕಂಡಿತೆಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಬಂದರೆ, ನಾಲ್ಕೈದು ವರ್ಷಗಳಲ್ಲಿ ಹಳ್ಳದ ಏರುಪೇರು ಗ್ರಾಮಸ್ಥರಿಗೇ ಗೊತ್ತಾಗುವುದು. ಬೊಟ್ಟಿನ ಮೀನು ಮಾಯವಾಗಿ ಬೂದುಮೀನು ಹೆಚ್ಚಿದರೆ ಎಚ್ಚರಗೊಳ್ಳಲು ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಸಾರಾಂಶ

ಒಂದೇ ಸಣ್ಣ ಚುಕ್ಕೆಯ, ಒಂದು ಜೊತೆ ಮೀಸೆಯ ವ್ಯತ್ಯಾಸದಿಂದ ಮೀನಿನ ಜಾತಿಯೂ ಅದರ ಬೆಲೆಯೂ ಬೇರೆಯಾಗುವುದು. ಬಾಲ, ಮೀಸೆ, ಬಾಯಿ, ಬೆನ್ನಿನ ರೆಕ್ಕೆ, ಮೈಯ ಗುರುತು ಈ ಐದನ್ನು ನೋಡತಕ್ಕದ್ದು. ಸಣ್ಣ ಜಾತಿಯನ್ನು ಮಿತವಾಗಿ ಹಿಡಿಯತಕ್ಕದ್ದು. ದೊಡ್ಡ ಜಾತಿಯ ಮರಿಯನ್ನು ಬಿಡತಕ್ಕದ್ದು. ಪರದೇಶದ ಜಾತಿಯನ್ನು ಹರಡದಂತೆ ತಡೆಯತಕ್ಕದ್ದು. ಗುರುತು ಸಿಕ್ಕದಿದ್ದರೆ ಹಿಡಿದ ಮಡುವಿಗೇ ಹಿಂದಿರುಗಿಸತಕ್ಕದ್ದು. ಬೇಸಗೆಯ ಒಂದು ಮಡುವನ್ನು ಉಳಿಸಿದ ಗ್ರಾಮವು ಮಳೆಗಾಲದಲ್ಲಿ ಇಡೀ ಹಳ್ಳದ ಮೀನನ್ನು ಪಡೆಯುವುದು.